ಹೊಸ ಕಾಡುಶುಂಠಿಯನ್ನು ವಿವರಿಸುವುದು ಹೇಗೆ: ಶೋಲಾ ಕಾಡಿನಿಂದ ಹರ್ಬೇರಿಯಂ ಹಾಳೆಯವರೆಗೆ

ಜುಲೈ ತಿಂಗಳು, ಕುದುರೆಮುಖದ ಕಡೆಯ ಒಂದು ಶೋಲಾ, ಅಂದರೆ ಹುಲ್ಲುಬೆಟ್ಟಗಳ ಮಡಿಲಿನ ಕಾಡು. ದರಗಿನ ನಡುವೆ ನೆಲಕ್ಕೆ ಅಂಟಿದಂತೆ ಒಂದು ಹೂ. ಎಲೆ ಹಿಸುಕಿದರೆ ಶುಂಠಿಯ ಘಾಟು ಬರುತ್ತದೆ, ಆದರೆ ಕೈಯಲ್ಲಿರುವ ಯಾವ ಚಿತ್ರಕ್ಕೂ ಹೂವು ತಾಳೆಯಾಗುವುದಿಲ್ಲ. ಇಂಥ ಗಿಡ ಕಂಡವರು ಸಾಮಾನ್ಯವಾಗಿ ಎರಡು ತಪ್ಪಲ್ಲಿ ಒಂದನ್ನು ಮಾಡುತ್ತಾರೆ. ಫೋಟೊ ತೆಗೆದು ‘ಹೊಸ ಪ್ರಭೇದ ಸಿಕ್ಕಿತು’ ಎಂದು ಸಂಜೆಯೊಳಗೆ ಹಂಚಿಬಿಡುತ್ತಾರೆ. ಇಲ್ಲವೇ ಗಿಡ ಕಿತ್ತು ಪೇಪರಿನ ಮಧ್ಯೆ ಇಡುತ್ತಾರೆ. ವಾರದ ಮೇಲೆ ಬಿಚ್ಚಿದರೆ ಹೂವಿದ್ದ ಜಾಗದಲ್ಲಿ ಕಂದು ಕಲೆಯೊಂದು ಉಳಿದಿರುತ್ತದೆ.

ಶುಂಠಿ ಕುಟುಂಬದಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತುಗಳಲ್ಲಿ ಹೆಚ್ಚಿನವು ಹೂವಿನಲ್ಲಿವೆ. ಆ ಹೂವಿನ ಆಯಸ್ಸು ಒಂದು ದಿನ, ಎಷ್ಟೋ ಸಲ ಅರ್ಧ ದಿನ. ಹಾಗಾಗಿ ವಿವರಣೆಯ ಮುಕ್ಕಾಲು ಕೆಲಸ ಗಿಡದ ಬುಡದಲ್ಲಿ ಕೂತೇ ಮುಗಿಯಬೇಕು. ಉಳಿದ ಕಾಲುಭಾಗ ಹಳೆಯ ಹರ್ಬೇರಿಯಂ ಹಾಳೆಗಳ (ಒಣಗಿಸಿ ಅಂಟಿಸಿಟ್ಟ ಗಿಡಗಳ) ಜೊತೆ ಹೋಲಿಸುವ ಕೆಲಸ. ಅದಕ್ಕೆ ಒಂದೆರಡು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಮೊದಲು ಕಾಗದಪತ್ರ

ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ. ಗಿಡ ನೋಡುವುದಕ್ಕೂ ಗಿಡ ಕೀಳುವುದಕ್ಕೂ ಅನುಮತಿ ಬೇರೆ ಬೇರೆ. ಅರ್ಜಿಯಲ್ಲಿ ಎರಡನ್ನೂ ಬಿಡಿಸಿ ಬರೆಯಿರಿ. ಎಷ್ಟು ಹಾಳೆ, ಯಾವ ಭಾಗ, ಎಲ್ಲಿ ಇಡುತ್ತೀರಿ ಎಂಬುದೂ ಅದರಲ್ಲಿರಲಿ. ಜೀವವೈವಿಧ್ಯ ಕಾಯ್ದೆ 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಅದನ್ನು ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ, ಅದರ ಮಾದರಿಯನ್ನು ಅಲ್ಲಿ ಇಡಲೇಬೇಕು. ವಿದೇಶದ ಸಹಲೇಖಕರಿಗೆ ಎಲೆಯ ಚೂರೊಂದನ್ನು ಕಳಿಸುವುದಿದ್ದರೂ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಕೊಳ್ಳಬೇಕು. ಈ ಪತ್ರಗಳಿಲ್ಲದೆ ತಂದ ಗಿಡ ಎಷ್ಟೇ ಅಪರೂಪದ್ದಾದರೂ ನಿಯತಕಾಲಿಕೆಗಳ ಸಂಪಾದಕರು ಈಗ ಮೊದಲ ಓದಿಗೇ ಹಿಂದಿರುಗಿಸುತ್ತಾರೆ.

ಇದು ಯಾವ ಕುಲ?

ಎಲೆಗಳು ಕಾಂಡದ ಸುತ್ತ ಸುರುಳಿಯಾಗಿ ಏರುತ್ತಿದ್ದು, ಹಿಸುಕಿದರೆ ವಾಸನೆ ಇಲ್ಲದಿದ್ದರೆ ಅದು ಶುಂಠಿಯಲ್ಲ, ಕಾಸ್ಟಸ್ ಕುಟುಂಬ. ನಮ್ಮ ಹಿತ್ತಲಿನ ‘ಇನ್ಸುಲಿನ್ ಗಿಡ’ ಆ ಕಡೆಯ ನೆಂಟ. ಎಲೆಗಳು ಎರಡು ಸಾಲಿನಲ್ಲಿದ್ದು ಘಾಟು ಇದ್ದರೆ ಮುಂದಕ್ಕೆ ಹೋಗಿ.

ಹೂವಿಲ್ಲದ ಕಾಲದಲ್ಲೂ ಕೆಲಸಕ್ಕೆ ಬರುವ ಒಂದು ಗುರುತಿದೆ. ದರಗು ಸರಿಸಿ ಗೆಡ್ಡೆ ಯಾವ ದಿಕ್ಕಿಗೆ ಹರಿದಿದೆ ನೋಡಿ. ಎಲೆಗಳ ಎರಡು ಸಾಲು ಗೆಡ್ಡೆ ಹರಿದ ದಿಕ್ಕಿನಲ್ಲೇ ಇದ್ದರೆ ಅದು ಶುಂಠಿ, ಅರಿಶಿನ, ಸುಗಂಧಿ ಹೂಗಳ ಗುಂಪು. ಅಡ್ಡಲಾಗಿದ್ದರೆ ಏಲಕ್ಕಿ, ಅಮೋಮಂ, ಆಲ್ಪೀನಿಯಗಳ ಗುಂಪು. ಒಣಗಿದ ಹಾಳೆಯಲ್ಲಿ ಇದು ಎಂದೂ ಗೊತ್ತಾಗುವುದಿಲ್ಲ, ಆದ್ದರಿಂದ ಅಲ್ಲೇ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಹೂವಿದ್ದರೆ ಕುಲ ಗೊತ್ತಾಗುವುದು ಸುಲಭ. ಪರಾಗಕೋಶದ ತುದಿ ಕೊಂಬಿನ ಹಾಗೆ ಉದ್ದವಾಗಿ ಬೆಳೆದು ಶಲಾಕೆಯನ್ನು (ಅಂಡಾಶಯದಿಂದ ಮೇಲೇರುವ ಎಳೆಯನ್ನು) ಸುತ್ತಿಕೊಂಡಿದ್ದರೆ ಝಿಂಜಿಬರ್, ಅಂದರೆ ಶುಂಠಿಯ ಕುಲ. ಪುಷ್ಪಪತ್ರಗಳು (ಹೂವಿನ ಬುಡದ ಎಲೆಯಂಥ ಭಾಗಗಳು) ಬುಡದಲ್ಲಿ ಒಂದಕ್ಕೊಂದು ಕೂಡಿ ಜೇಬುಗಳಂತಾಗಿ, ಪ್ರತಿ ಜೇಬಿನಿಂದ ಹೂಗಳು ಹೊರಬರುತ್ತಿದ್ದರೆ ಕರ್ಕ್ಯೂಮ, ಅಂದರೆ ಅರಿಶಿನದ ಕುಲ. ಕೇಸರದ ದಂಟು ಹೂವಿನಿಂದ ಆಚೆಗೆ ಉದ್ದಕ್ಕೆ ಚಾಚಿದ್ದು, ಸಂಜೆಗೆ ಘಮ ಏರುತ್ತಿದ್ದರೆ ಹೆಡಿಕಿಯಂ, ಅಂದರೆ ಸುಗಂಧಿಯ ಕುಲ. ಬಿಲ್ಲಿನಂತೆ ಬಾಗಿದ ಕೇಸರ, ಹೂಗೊಂಚಲಲ್ಲೇ ಪುಟ್ಟ ಮರಿಗೆಡ್ಡೆಗಳು ಕಂಡರೆ ಗ್ಲೋಬಾ. ಎಲೆಕಾಂಡದ ತುದಿಯಲ್ಲಿ ಗೊಂಚಲು ಬಂದರೆ ಆಲ್ಪೀನಿಯ. ಎಲೆಕಾಂಡವನ್ನು ಬಿಟ್ಟು ಬುಡದಿಂದಲೇ ಬಂದರೆ ಏಲಕ್ಕಿ ಅಥವಾ ಅಮೋಮಂ ಬಳಗ.

ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಲೆನ್ಸ್, ಮಿಲಿಮೀಟರ್ ಗೆರೆಯ ಉಕ್ಕಿನ ಸ್ಕೇಲು, ಹೊಸ ಬ್ಲೇಡು, ಚೂಪು ಚಿಮಟ, ಒಂದು ಚದರಡಿ ಕಪ್ಪು ಬಟ್ಟೆ, ಬಿಳಿ ಕಾರ್ಡು, ಪೆನ್ಸಿಲ್. ಜೆಲ್ ಪೆನ್ನು ಮಳೆಯಲ್ಲೂ ಸ್ಪಿರಿಟ್‌ನಲ್ಲೂ ಅಳಿಸಿಹೋಗುತ್ತದೆ, ಬೇಡ. ಅಗಲ ಬಾಯಿಯ ಬಾಟಲಿಗಳಲ್ಲಿ ಶೇ. 70ರ ಆಲ್ಕೋಹಾಲ್ ತುಂಬಿಕೊಳ್ಳಿ. ಶೇ. 95ರ ರೆಕ್ಟಿಫೈಡ್ ಸ್ಪಿರಿಟ್ 70 ಮಿ.ಲೀ.ಗೆ 25 ಮಿ.ಲೀ. ನೀರು ಬೆರೆಸಿದರೆ ಆಯಿತು. ಎರಡು ಮಿ.ಲೀ. ಗ್ಲಿಸರಿನ್ ಸೇರಿಸಿದರೆ ಹೂವು ಪೆಡಸಾಗಿ ಮುರಿಯುವುದಿಲ್ಲ. ಡಿಎನ್ಎಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಜಿಪ್ ಚೀಲಗಳು. ಗಿಡ ಒತ್ತುವ ಪ್ರೆಸ್, ಹಳೆ ಪೇಪರು, ಬೆಣ್ಣೆಕಾಗದ. ಉಂಬಳಕ್ಕೆ ಹೊಗೆಸೊಪ್ಪಿನ ಪುಡಿ ಅಥವಾ ಸುಣ್ಣ ಎಂದು ಬೇರೆ ಹೇಳಬೇಕಿಲ್ಲ, ಆದರೆ ಆ ಕೈಯಲ್ಲಿ ಹೂವು ಮುಟ್ಟಬೇಡಿ.

ಹೂವಿನ ಹೊತ್ತು

ಕಾಡರಿಶಿನದ ಹೂಗಳು ಬೆಳಿಗ್ಗೆ ಅರಳಿ ಮಧ್ಯಾಹ್ನ ದಾಟುವಷ್ಟರಲ್ಲಿ ಲೋಳೆಯಾಗುತ್ತವೆ. ಸುಗಂಧಿಯ ಬಳಗ ಸಂಜೆ ಅರಳುತ್ತದೆ. ಹಿಂದಿನ ದಿನವೇ ಗಿಡ ನೋಡಿಕೊಂಡು, ಮಾರನೆಯ ದಿನ ಅರಳುವ ಹೊತ್ತಿಗೆ ಅಲ್ಲಿ ಕೂತಿರುವುದು ಒಳ್ಳೆಯದು. ಅರಳಿದ ಸಮಯ, ಬಾಡಿದ ಸಮಯ, ವಾಸನೆ, ಬಂದ ಕೀಟ ಎಲ್ಲವನ್ನೂ ಗಂಟೆ ಸಮೇತ ಬರೆಯಿರಿ.

ಮೊದಲು ಗಿಡವನ್ನು ಮುಟ್ಟದೆ ಫೋಟೊ: ಇಡೀ ಗಿಡ, ಬುಡ, ಹೂತೆನೆ, ಹೂವು ಎದುರಿನಿಂದ, ಪಕ್ಕದಿಂದ. ಬಿಳಿ ಕಾರ್ಡು ಚೌಕಟ್ಟಿನೊಳಗೆ ಇರಲಿ. ಶೋಲಾದ ಹಸಿರು ನೆರಳಿನಲ್ಲಿ ಮೊಬೈಲು ಬಿಳಿ ಹೂವನ್ನು ತಿಳಿಹಸಿರು ಮಾಡಿ ತೋರಿಸುತ್ತದೆ, ನಸುಗೆಂಪನ್ನು ನೇರಳೆ ಮಾಡುತ್ತದೆ. ಕಾರ್ಡಿದ್ದರೆ ಆಮೇಲೆ ಸರಿಪಡಿಸಬಹುದು.

ಈಗ ಹೂವನ್ನು ಬಿಡಿಸುವ ಕೆಲಸ. ಕಪ್ಪು ಬಟ್ಟೆಯನ್ನು ಒದ್ದೆ ಮಾಡಿ ಹಾಸಿ, ಪಕ್ಕದಲ್ಲಿ ಸ್ಕೇಲು ಇಡಿ. ಹೂವನ್ನು ಪುಷ್ಪಪತ್ರದ ಸಮೇತ ಬಿಡಿಸಿಕೊಂಡು ಹೊರಗಿನಿಂದ ಒಳಗೆ ಒಂದೊಂದೇ ಭಾಗ ಎಡದಿಂದ ಬಲಕ್ಕೆ ಜೋಡಿಸುತ್ತ ಹೋಗಿ. ಮೊದಲು ಪುಷ್ಪಪತ್ರ. ಆಮೇಲೆ ಅದರ ಒಳಗಿನ ಚಿಕ್ಕ ಪತ್ರ: ಅದು ನಳಿಗೆಯಂತೆ ಮುಚ್ಚಿದೆಯೇ, ಬುಡದವರೆಗೆ ಸೀಳಿದೆಯೇ ಎಂಬುದನ್ನು ಬಿಡಿಸುವ ಮುನ್ನ ನೋಡಬೇಕು. ಕಿತ್ತಮೇಲೆ ಹರಿದದ್ದು ನೀವೋ ಪ್ರಕೃತಿಯೋ ಹೇಳಲಾಗದು. ನಂತರ ಪುಷ್ಪಪಾತ್ರೆ, ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಸೀಳಿರುತ್ತದೆ. ಸೀಳಿನ ಉದ್ದ ಅಳೆಯಿರಿ. ಆಮೇಲೆ ಮೂರು ದಳಗಳು. ಮೇಲಿನದು ಅಗಲವಾಗಿ, ತುದಿ ಟೋಪಿಯಂತೆ ಬಾಗಿರುವುದು ಹೆಚ್ಚು.

ಕಣ್ಣಿಗೆ ಹೊಡೆಯುವ ಬಣ್ಣದ ತುಟಿ ದಳವೇ ಅಲ್ಲ. ಬಂಜೆ ಕೇಸರಗಳು ಕೂಡಿ ಆದ ಭಾಗ ಅದು, ಹೆಸರು ಲೇಬೆಲ್ಲಮ್. ಅದರ ಇಕ್ಕೆಲದಲ್ಲಿ ಇನ್ನೆರಡು ಬಂಜೆ ಕೇಸರಗಳಿರುತ್ತವೆ. ಝಿಂಜಿಬರ್‌ನಲ್ಲಿ ಅವು ತುಟಿಗೇ ಅಂಟಿ ಮೂರು ಹಾಲೆಗಳಂತೆ ಕಾಣುತ್ತವೆ, ಹೆಡಿಕಿಯಂನಲ್ಲಿ ಬಿಡಿಯಾಗಿ ದಳದಂತಿರುತ್ತವೆ, ಏಲಕ್ಕಿ ಬಳಗದಲ್ಲಿ ಮುಳ್ಳಿನ ಮೊನೆಯಷ್ಟಕ್ಕೆ ಕುಗ್ಗಿರುತ್ತವೆ. ಕುಗ್ಗಿದವು ತುಟಿಯ ಬುಡದಲ್ಲಿ ಅಡಗಿರುವುದರಿಂದ ‘ಇಲ್ಲ’ ಎಂದು ಬರೆದುಬಿಡುವವರು ಇದ್ದಾರೆ. ಲೆನ್ಸ್ ಹಿಡಿದು ನೋಡಿ. ತುಟಿಯನ್ನು ಬಟ್ಟೆಯ ಮೇಲೆ ನೀರು ಚಿಮುಕಿಸಿ ಪೂರ್ತಿ ಹರಡಿದಮೇಲೆ ಅಗಲ ಅಳೆಯಬೇಕು. ಮಡಿಸಿದ ತುಟಿಯನ್ನು ಅಳೆದು ಹೊಸ ಪ್ರಭೇದ ಕಟ್ಟಿದರೆ ಮುಂದಿನ ಮಳೆಗಾಲದಲ್ಲಿ ಅದು ಕುಸಿಯುತ್ತದೆ.

ಕೇಸರ ಇರುವುದು ಒಂದೇ. ದಂಟು, ಪರಾಗಕೋಶ, ಅದರ ಮೇಲಿನ ಕಿರೀಟ, ಬುಡದ ಮುಳ್ಳು, ಹೀಗೆ ನಾಲ್ಕನ್ನೂ ಬೇರೆಬೇರೆ ಅಳೆಯಿರಿ. ಶಲಾಕೆ ಪರಾಗಕೋಶದ ಎರಡು ಅರೆಗಳ ಸಂದಿಯಲ್ಲಿ ನೂಲಿನಂತೆ ಹಾದು ಮೇಲೆ ಇಣುಕುತ್ತದೆ. ಕೊನೆಗೆ ಹೂನಳಿಗೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಅಂಡಾಶಯದ ತಲೆಯ ಮೇಲೆ ಎರಡು ಪುಟ್ಟ ಗ್ರಂಥಿಗಳು ಕಾಣುತ್ತವೆ, ಮಕರಂದ ಬರುವುದು ಅಲ್ಲಿಂದ. ಅವುಗಳ ಉದ್ದ, ಆಕಾರ, ಬಣ್ಣ ಬರೆದುಕೊಳ್ಳಿ. ಅಂಡಾಶಯವನ್ನು ಅಡ್ಡ ಕತ್ತರಿಸಿ ಕೋಣೆಗಳನ್ನು ಎಣಿಸಿ.

ಎಷ್ಟು ಹೂ? ಕನಿಷ್ಠ ಹತ್ತು, ಐದಕ್ಕಿಂತ ಹೆಚ್ಚು ಹಿಂಡುಗಳಿಂದ. ಒಂದೇ ಹಿಂಡಿನ ಹತ್ತು ಕಾಂಡಗಳೆಂದರೆ ಒಂದೇ ಗೆಡ್ಡೆಯ ಮಕ್ಕಳು. ಹತ್ತು ಅಳತೆ ತೆಗೆದರೂ ಒಂದು ಗಿಡವನ್ನೇ ಹತ್ತು ಸಲ ಅಳೆದಂತೆ. ಅಷ್ಟು ಗಿಡ ಇಲ್ಲದಿದ್ದರೆ ಇದ್ದದ್ದನ್ನು ಅಳೆದು, ಎಷ್ಟು ಅಳೆದಿರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ.

ಎಲೆಯನ್ನು ಕಡೆಗಣಿಸಬೇಡಿ. ಎಲೆಕವಚ ಎಲೆಗೆ ಸೇರುವಲ್ಲಿ ಕಾಂಡಕ್ಕೆ ಒತ್ತಿಕೊಂಡ ತೆಳು ಪೊರೆ ಇರುತ್ತದಲ್ಲ, ಆ ನಾಲಿಗೆಯ ಉದ್ದ, ತುದಿ ಒಂದೋ ಎರಡಾಗಿ ಸೀಳಿದೆಯೋ, ರೋಮ ಇದೆಯೋ ಎಂಬುದು ತುಂಬ ಬೆಲೆಬಾಳುವ ಗುರುತು. ಬೆಳೆದ ಕಾಂಡದ ನಡುವಿನ ಎಲೆಗಳಲ್ಲೇ ಅಳೆಯಿರಿ. ಹಳೆ ಎಲೆಗಳಲ್ಲಿ ನಾಲಿಗೆ ಹರಿದು, ಕೊಳೆತು ಚಿಕ್ಕದಾಗಿರುತ್ತದೆ. ಗೆಡ್ಡೆಯನ್ನು ಕತ್ತರಿಸಿ ಒಳಬಣ್ಣ ನೋಡಿ: ಹಳದಿ, ಬಿಳಿ, ನೀಲಿಛಾಯೆ. ಗಾಳಿಗೆ ಅದು ಬದಲಾಗುವುದರಿಂದ ಕತ್ತರಿಸಿದ ಕ್ಷಣದಲ್ಲೇ ಬರೆಯಬೇಕು. ವಾಸನೆಯನ್ನು ಗೊತ್ತಿರುವುದಕ್ಕೆ ಹೋಲಿಸಿ ಬರೆಯಿರಿ. ಮಾವಿನಕಾಯಿಯಂತೆ, ಕರ್ಪೂರದಂತೆ, ಹೀಗೆ. ‘ಸುವಾಸನೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ.

ಹಾಳೆಗೆ ತರುವುದು

ಒಂದು ಜಾಗದಲ್ಲಿ ಇಪ್ಪತ್ತು ಗಿಡಕ್ಕೆ ಒಂದಕ್ಕಿಂತ ಹೆಚ್ಚು ತೆಗೆಯದಿರುವುದು ಒಳ್ಳೆಯ ಕಟ್ಟಳೆ. ಗಿಡ ಇನ್ನೂ ಕಡಿಮೆ ಇದ್ದರೆ ಇಡೀ ಗೆಡ್ಡೆ ಕೀಳಬೇಡಿ: ಒಂದು ಕಾಂಡ, ಒಂದು ಹೂತೆನೆ, ಗೆಡ್ಡೆಯ ಒಂದು ಮುರುಕು ಸಾಕು. ಮಣ್ಣು ಮುಚ್ಚಿ, ದರಗು ಹೊದಿಸಿ ಬನ್ನಿ.

ನಮ್ಮಲ್ಲಿ ಬಳಕೆಯಲ್ಲಿರುವ ಹರ್ಬೇರಿಯಂ ಹಾಳೆ ಸುಮಾರು 42 × 28 ಸೆಂ.ಮೀ. ಎರಡು ಮೀಟರ್ ಎತ್ತರದ ಗಿಡವನ್ನು ಬುಡ, ನಡು, ತುದಿ ಎಂದು ಕತ್ತರಿಸಿ, ಒಂದೇ ಸಂಖ್ಯೆಯಲ್ಲಿ ಎರಡು-ಮೂರು ಹಾಳೆ ಮಾಡಬೇಕು. ಗೆಡ್ಡೆಯನ್ನೂ ದಪ್ಪ ಹೂತೆನೆಯನ್ನೂ ಉದ್ದಕ್ಕೆ ಸೀಳದಿದ್ದರೆ ಹೊರಗೆ ಒಣಗಿ ಒಳಗೆ ಕೊಳೆಯುತ್ತವೆ. ಹೂಗಳನ್ನು ಬೆಣ್ಣೆಕಾಗದದ ನಡುವೆ ಹರಡಿ ಇಟ್ಟಮೇಲೆ ಆ ಕಾಗದ ತೆರೆಯಬೇಡಿ. ಹೊರಗಿನ ಪೇಪರನ್ನು ಮಾತ್ರ ಮೊದಲ ನಾಲ್ಕು ದಿನ ದಿನವೂ ಬದಲಿಸಿ.

ಮಳೆಗಾಲದ ಮಲೆನಾಡಲ್ಲಿ ಏನೂ ಒಣಗದು, ಅಂಗಿಯೇ ಒಣಗುವುದಿಲ್ಲ. ಒಲೆಯ ಅಟ್ಟವೋ ಬಿಸಿಗಾಳಿಯ ಡ್ರೈಯರೋ ಸಿಗುವವರೆಗೆ, ಪೇಪರಿನಲ್ಲಿಟ್ಟ ಗಿಡಗಳ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ಪಿರಿಟ್ ಸುರಿದು ಬಿಗಿಯಾಗಿ ಕಟ್ಟಿಡಿ. ಕೆಲವು ವಾರ ಕೆಡದೆ ಇರುತ್ತದೆ. ಬಣ್ಣವೆಲ್ಲ ಹೋಗುತ್ತದೆ ಎಂಬುದು ನೆನಪಿರಲಿ. ಬಣ್ಣ ಪುಸ್ತಕದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ಪಿರಿಟ್ ಹಾಕಿದ ಎಲೆ ಡಿಎನ್ಎಗೆ ಕೆಲಸಕ್ಕೆ ಬಾರದು. ಅದಕ್ಕೆ ಮೊದಲೇ ಎಳೆಯ ಎಲೆಯ ಚೂರನ್ನು ಒರೆಸಿ, ಅದರ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ ಮುಚ್ಚಿಡಿ. ಒಂದು ದಿನದೊಳಗೆ ಹಪ್ಪಳದಂತೆ ಮುರಿಯದಿದ್ದರೆ ಜೆಲ್ ಬದಲಿಸಿ.

ಚೀಟಿಯಲ್ಲಿ ಸಂಗ್ರಹ ಸಂಖ್ಯೆ, ದಿನಾಂಕ, ತಾಲ್ಲೂಕು, ಎತ್ತರ, ಜಿಪಿಎಸ್, ಪಕ್ಕದ ಗಿಡಮರಗಳು, ಗಿಡಗಳ ಎಣಿಕೆ ಇರಲಿ. ಊರಿನವರು ಏನೆನ್ನುತ್ತಾರೆ ಎಂಬುದನ್ನೂ ಕೇಳಿ. ಮಲೆಕುಡಿಯರಿಗೋ ಕೊಡಗಿನ ಕುಡಿಯರಿಗೋ ನಿಮ್ಮ ‘ಹೊಸ’ ಗಿಡ ಅಜ್ಜನ ಕಾಲದಿಂದ ಗೊತ್ತಿದ್ದೀತು. ಔಷಧಿಯ ಬಳಕೆ ಹೇಳಿದರೆ ಅವರ ಒಪ್ಪಿಗೆಯಿಲ್ಲದೆ ಅಚ್ಚು ಮಾಡಬೇಡಿ.

ನಿಜಕ್ಕೂ ಹೊಸದೇ?

ಹೆಚ್ಚಿನ ‘ಹೊಸ’ ಗಿಡಗಳು ಬಿದ್ದುಹೋಗುವುದು ಇಲ್ಲಿಯೇ, ಬೀಳಬೇಕಾದದ್ದೂ ಇಲ್ಲಿಯೇ.

ಋತುವಿನ ಮೋಸ ಎಲ್ಲಕ್ಕಿಂತ ದೊಡ್ಡದು. ಕೆಲವು ಕಾಡರಿಶಿನಗಳು ಮೊದಲ ಮಳೆಗೆ ಎಲೆಗಿಂತ ಮುಂಚೆ ಪಕ್ಕದಿಂದ ಹೂತೆನೆ ಕೊಡುತ್ತವೆ. ಅದೇ ಗಿಡ ಎರಡು ತಿಂಗಳ ಮೇಲೆ ಎಲೆಗಳ ನಡುವಿನಿಂದ ಇನ್ನೊಂದು ತೆನೆ ಕೊಡುತ್ತದೆ. ಎರಡು ಸಲ ಎರಡು ಜನ ನೋಡಿದರೆ ಎರಡು ಪ್ರಭೇದ! ಝಿಂಜಿಬರ್ ಝೆರುಂಬೆಟ್‌ನ ತೆನೆ ಎಳತರಲ್ಲಿ ಹಸಿರು, ಬಲಿತಾಗ ಕಡುಗೆಂಪು. ಹೀಗಾಗಿ ಒಂದೇ ಜಾಗಕ್ಕೆ ಮೇ ತಿಂಗಳಿಂದ ನವೆಂಬರ್‌ವರೆಗೆ ಮೂರು ಸಲವಾದರೂ ಹೋಗಬೇಕು.

ಬಣ್ಣವನ್ನು ನಂಬಬೇಡಿ. ಕೇರಳದ ನಿಲಂಬೂರು ಕಾಡಿನಿಂದ 2004ರಲ್ಲಿ ವಿವರಿಸಿದ ಕಾಡರಿಶಿನಕ್ಕೆ ಕರ್ಕ್ಯೂಮ ಮ್ಯುಟಾಬಿಲಿಸ್ ಎಂದು ಹೆಸರಿಟ್ಟದ್ದೇ ಬಣ್ಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ ಎಂಬ ಕಾರಣಕ್ಕೆ. ಗೊಂಚಲಿನ ನಿಲುವನ್ನೂ ನಂಬುವಂತಿಲ್ಲ. ಏಲಕ್ಕಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು: ಮಲಬಾರ್ ತಳಿಯ ಗೊಂಚಲು ನೆಲದ ಮೇಲೆ ಹರಿಯುತ್ತದೆ, ಮೈಸೂರು ತಳಿಯದು ನೆಟ್ಟಗೆ ನಿಲ್ಲುತ್ತದೆ, ವಳುಕ್ಕ ಎರಡರ ನಡುವೆ. ಮೂರೂ ಒಂದೇ ಏಲಕ್ಕಿ.

ತೋಟದಿಂದ ತಪ್ಪಿಸಿಕೊಂಡ ಗಿಡಗಳೂ ಕಾಡುತ್ತವೆ. ಹಾಳುಬಿದ್ದ ಹಾಡಿ, ಹಳೆ ಬಂಗಲೆ, ಎಸ್ಟೇಟಿನ ಅಂಚಿನಲ್ಲಿ ಕಂಡ ಹೆಡಿಕಿಯಂ ಯಾರೋ ನೆಟ್ಟದ್ದಿರಬಹುದು. ಬೀಜ ಕಟ್ಟದ ಅರಿಶಿನ ಸಿಕ್ಕರೆ ಅನುಮಾನಿಸಿ; ನಾವು ಬೆಳೆಯುವ ಅರಿಶಿನವೇ 63 ಕ್ರೋಮೋಸೋಮಿನ ತ್ರಿಗುಣಿತ (ಮೂರು ಕಟ್ಟು ಕ್ರೋಮೋಸೋಮಿನದು), ಗೆಡ್ಡೆಯಿಂದಲೇ ಹಬ್ಬುವಂಥದ್ದು. ಮಿಶ್ರತಳಿಯೋ ಎಂದು ನೋಡಲು ಪರಾಗವನ್ನು ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಡಿ. ಹೆಚ್ಚಿನ ಕಾಳು ತುಂಬಿಕೊಂಡು ಕೆಂಪಾದರೆ ಸರಿ. ಮುದುಡಿ ಬಣ್ಣ ಹಿಡಿಯದಿದ್ದರೆ ಪ್ರಬಂಧ ಬರೆಯುವ ಮೊದಲು ಯೋಚಿಸಿ.

ಇದೆಲ್ಲ ದಾಟಿದರೆ ಹೋಲಿಕೆ. ಕಲ್ಲಿಕೋಟೆ ವಿಶ್ವವಿದ್ಯಾಲಯದ ಎಂ. ಸಾಬು 2006ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಶುಂಠಿ ಕುಟುಂಬದ ಗ್ರಂಥ ಮೊದಲ ಮೆಟ್ಟಿಲು. ಅಲ್ಲಿಗೇ ನಿಲ್ಲಬೇಡಿ. ನಮ್ಮ ಘಟ್ಟದ ಗಿಡಗಳ ಹತ್ತಿರದ ನೆಂಟರು ಎಷ್ಟೋ ಸಲ ಶ್ರೀಲಂಕಾದಲ್ಲಿದ್ದಾರೆ; ಈಚಿನ ವರ್ಷಗಳಲ್ಲಿ ಏಲಕ್ಕಿ ಕುಲವನ್ನು ಮರುಪರಿಶೀಲಿಸಿದಾಗ ಆಲ್ಪೀನಿಯದಲ್ಲಿದ್ದ ಕೆಲವು ಪ್ರಭೇದಗಳು ಏಲಕ್ಕಿಯ ಬಳಗಕ್ಕೆ ಬಂದು ಸೇರಿದವು. 2018ರಲ್ಲಿ ಅಮೋಮಂ ಕುಲವನ್ನು ಒಡೆದು ಹಲವು ಕುಲ ಮಾಡಿದ್ದಾರೆ. ಆದ್ದರಿಂದ ಒಂದು ಕುಲದ ಹೆಸರಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಹೆಸರುಗಳು ತಪ್ಪಿಹೋಗುತ್ತವೆ. ಸಸ್ಯನಾಮಗಳ ಲೆಕ್ಕ ಶುರುವಾಗುವ 1753ರಿಂದ ಈಚೆಗೆ ಬಂದ, ಈಗ ಯಾರೂ ಬಳಸದ ಸಮಾನಾರ್ಥ ಹೆಸರುಗಳನ್ನೂ ನೋಡಬೇಕು. ಪ್ರತಿಯೊಂದರ ಮೂಲ ವಿವರಣೆ ಓದಿ, ಟೈಪ್ ಹಾಳೆ (ಆ ಹೆಸರಿಗೆ ಆಧಾರವಾದ ಮಾದರಿ) ನೋಡಿ. ಬ್ರಿಟನ್ನಿನ ಕ್ಯೂ, ಎಡಿನ್‌ಬರೋ ಹರ್ಬೇರಿಯಂಗಳ ಹಾಳೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹೌರಾ, ಕೊಯಮತ್ತೂರಿನವನ್ನು ಅಲ್ಲಿಗೇ ಹೋಗಿ ನೋಡುವುದು ಮೇಲು.

ಹದಿನೈದು ಇಪ್ಪತ್ತು ಗುರುತುಗಳ ಪಟ್ಟಿ ಮಾಡಿ ಹತ್ತಿರದ ಎರಡು-ಮೂರು ಪ್ರಭೇದಗಳ ಜೊತೆ ಇಡಿ. ಎಲೆ ಎರಡು ಸೆಂಟಿಮೀಟರ್ ಹೆಚ್ಚು ಉದ್ದ ಎಂಬುದು ವ್ಯತ್ಯಾಸವಲ್ಲ. ನಡುವೆ ಕೊಂಡಿಯೇ ಇಲ್ಲದಂತೆ ಬೇರಾದ, ಒಟ್ಟಿಗೇ ಬರುವ ಮೂರು-ನಾಲ್ಕು ಗುರುತು ಬೇಕು. ಅದರಲ್ಲಿ ಎರಡಾದರೂ ಹೂವಿನವು. ಡಿಎನ್ಎ ನೆರವಾಗುತ್ತದೆ, ತೀರ್ಪು ಕೊಡುವುದಿಲ್ಲ. ಅರಿಶಿನದ ಕುಲದಲ್ಲಂತೂ ಬಹುಗುಣಿತಗಳಿಂದಾಗಿ, ಹೋಲಿಕೆಗೆ ಬಳಸುವ ಐಟಿಎಸ್ ಎಂಬ ಡಿಎನ್ಎ ಭಾಗ ಒಂದೇ ಗಿಡದಲ್ಲಿ ಹಲವು ಬಗೆಯಾಗಿ ಸಿಕ್ಕಿ ಗೊಂದಲ ಮಾಡುತ್ತದೆ.

ಬರಹ ಮತ್ತು ಹೆಸರು

ಸಸ್ಯಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮದಲ್ಲಿ 2012ರ ಜನವರಿ 1ರಿಂದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕೆಂಬ ಕಟ್ಟು ಹೋಯಿತು, ಇಂಗ್ಲಿಷ್ ಆದರೂ ನಡೆಯುತ್ತದೆ. ಈ ಎರಡಲ್ಲದೆ ಕನ್ನಡದಲ್ಲಿ ಮಾತ್ರ ಬರೆದರೆ ಹೆಸರಿಗೆ ಮಾನ್ಯತೆ ಇಲ್ಲ. ದಿನಪತ್ರಿಕೆಯಲ್ಲಿ ಬಂದ ಹೆಸರಿಗೂ ಇಲ್ಲ. ಐಎಸ್ಎಸ್ಎನ್ (ನಿಯತಕಾಲಿಕೆಗಳ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ) ಇರುವ ಪಿಡಿಎಫ್ ನಿಯತಕಾಲಿಕೆ ಸಾಕು.

ವ್ಯತ್ಯಾಸ ಹೇಳುವ ಒಂದು ವಾಕ್ಯ ಮೊದಲು: ಇಂಥದ್ದಕ್ಕೆ ಹತ್ತಿರ, ಆದರೆ ಈ ಈ ಗುರುತಿನಲ್ಲಿ ಬೇರೆ. ಆಮೇಲೆ ಗೆಡ್ಡೆಯಿಂದ ಬೀಜದವರೆಗೆ ಪೂರ್ತಿ ವಿವರಣೆ, ಅಳತೆಗಳೆಲ್ಲ ಕನಿಷ್ಠ–ಗರಿಷ್ಠದ ರೂಪದಲ್ಲಿ. ಹಸಿ ಹೂವಿನ ಅಳತೆಯೋ ಸ್ಪಿರಿಟ್ ಹೂವಿನದೋ ಹೇಳಿ, ಎರಡನ್ನೂ ಬೆರೆಸಬೇಡಿ. ಹೋಲೋಟೈಪ್, ಅಂದರೆ ಹೊಸ ಹೆಸರಿಗೆ ಆಧಾರವೆಂದು ಲೇಖಕರೇ ಆರಿಸಿದ ಮಾದರಿ, ಒಂದೇ ಸಂಗ್ರಹದ್ದಾಗಿರಬೇಕು, ಯಾವ ಹರ್ಬೇರಿಯಂನಲ್ಲಿದೆ ಎಂದು ಹೆಸರಿಸಿರಬೇಕು. ಫೋಟೊ ಟೈಪ್ ಆಗುವುದಿಲ್ಲ, ಕುಂಡದಲ್ಲಿರುವ ಜೀವಂತ ಗಿಡವೂ ಆಗುವುದಿಲ್ಲ. ಹೋಲೋಟೈಪನ್ನು ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂಗೆ ಕೊಟ್ಟು, ನಕಲುಗಳನ್ನು ಕೊಯಮತ್ತೂರು, ಕಲ್ಲಿಕೋಟೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗಳಿಗೆ ಹಂಚಿದರೆ ಒಂದು ಕಡೆ ಹುಳ ಹಿಡಿದರೂ ಇನ್ನೊಂದು ಕಡೆ ಉಳಿದಿರುತ್ತದೆ. ಸ್ಪಿರಿಟ್ ಬಾಟಲಿಯನ್ನು ಅದೇ ಸಂಖ್ಯೆಯಲ್ಲಿ ಕೊಡುವುದನ್ನು ಮರೆಯಬೇಡಿ.

ಹೆಸರಿಡುವಾಗ ಲಿಂಗ ನೋಡಿಕೊಳ್ಳಿ. ಕರ್ಕ್ಯೂಮ ಸ್ತ್ರೀಲಿಂಗ, ಹಾಗಾಗಿ ಕರ್ನಾಟಕದ ಹೆಸರು ಹೊತ್ತ ಕಾಡರಿಶಿನ ‘ಕರ್ನಾಟಕೆನ್ಸಿಸ್’. ಝಿಂಜಿಬರ್ ನಪುಂಸಕ, ಅಲ್ಲಿ ಊರಿನ ಹೆಸರು ‘-ಎನ್ಸೆ’ ಎಂದು ಮುಗಿಯಬೇಕು. ಸ್ಥಳೀಯ ಹೆಸರನ್ನು ಬಳಸುವುದಕ್ಕೂ ಹಳೆಯ ಮೇಲ್ಪಂಕ್ತಿ ಇದೆ. 1811ರಲ್ಲಿ ಬಂದ ಎಲೆಟ್ಟೇರಿಯ ಎಂಬ ಕುಲನಾಮ ಮಲಯಾಳದ ಏಲತ್ತರಿಯಿಂದಲೇ ಹುಟ್ಟಿದ್ದು. ನಿಮ್ಮ ಹೆಸರನ್ನು ನೀವೇ ಇಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಸಹೋದ್ಯೋಗಿಗಳ ನಗೆ ತಡೆಯುತ್ತದೆ.

ಅಪರೂಪದ ಲೆಕ್ಕ

‘ಅಳಿವಿನಂಚಿನಲ್ಲಿದೆ’ ಎಂದು ಬರೆಯುವ ಮುನ್ನ ಎಣಿಸಿ. ಅಪಾಯದ ಜೀವಿಗಳ ಕೆಂಪುಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಪದ್ಧತಿಯಲ್ಲಿ 2 × 2 ಕಿ.ಮೀ. ಚೌಕಗಳ ಜಾಲ ಹಾಕಿ, ಗಿಡ ಸಿಕ್ಕ ಚೌಕಗಳನ್ನು ಕೂಡುತ್ತಾರೆ. ಒಂದೇ ಜಾಗವಾದರೆ ಅದು 4 ಚದರ ಕಿ.ಮೀ. ಹತ್ತಕ್ಕಿಂತ ಕಡಿಮೆ ಎಂದ ಮಾತ್ರಕ್ಕೆ ‘ತೀವ್ರ ಅಪಾಯ’ದ ವರ್ಗಕ್ಕೆ ಹೋಗದು. ಕುಸಿತ, ಚೂರಾದ ಕಾಡು ಮುಂತಾದ ಬೇರೆ ಷರತ್ತುಗಳೂ ಕೂಡಿಬರಬೇಕು. ಬೆಳೆದ ಗಿಡ 50ಕ್ಕಿಂತ ಕಡಿಮೆ ಎಂದಾದರೆ ಎಣಿಕೆಯೊಂದೇ ಸಾಕಾಗುತ್ತದೆ. ಸುತ್ತಲಿನ ಶೋಲಾಗಳನ್ನು ಹುಡುಕಿಯೇ ಇಲ್ಲದಿದ್ದರೆ ‘ಮಾಹಿತಿ ಕೊರತೆ’ ಎಂದು ಬರೆಯುವುದು ಸರಿ. ಹಾಗೆ ಬರೆದರೆ ಪ್ರಬಂಧದ ತೂಕವೇನೂ ಇಳಿಯುವುದಿಲ್ಲ.

ಜಿಪಿಎಸ್ ಅಂಕಿಗಳು ಹರ್ಬೇರಿಯಂ ಚೀಟಿಯಲ್ಲೂ ಅರಣ್ಯ ಇಲಾಖೆಯಲ್ಲೂ ಇರಲಿ. ಅಚ್ಚಾದ ಪ್ರಬಂಧದಲ್ಲಿ ತಾಲ್ಲೂಕು, ಬೆಟ್ಟಸಾಲು ಇಷ್ಟೇ ಸಾಕು. ಚೆಂದದ ಹೂವಿನ ಕಾಡುಶುಂಠಿಗೆ ನರ್ಸರಿಯವರ ಕಣ್ಣು ಬೀಳಲು ತಡವಾಗದು, ಮೂವತ್ತು ಗಿಡದ ಜಾಗ ಖಾಲಿಯಾಗಲು ಒಬ್ಬ ಮನುಷ್ಯ ಒಂದು ಚೀಲ ಸಾಕು. ಫೋಟೊ ಹಂಚುವಾಗ ಮೊಬೈಲ್ ತಾನಾಗಿ ಸೇರಿಸುವ ಸ್ಥಳದ ಗುರುತನ್ನೂ ತೆಗೆಯಿರಿ. ಕಾಯಿ ಸಿಗದೆ ಪ್ರಕಟಿಸಿದ್ದರೆ ಅಕ್ಟೋಬರ್-ನವೆಂಬರ್‌ನಲ್ಲಿ ಮತ್ತೆ ಹೋಗಿ ದರಗಿನಡಿ ಹುಡುಕಿ. ನೆಲಮಟ್ಟದಲ್ಲಿ ಹೂ ಬಿಟ್ಟ ಗಿಡದ ಕಾಯಿಯೂ ನೆಲದಲ್ಲೇ ಇರುತ್ತದೆ, ಇಲಿ ಹೆಗ್ಗಣ ತಿನ್ನುವ ಮುಂಚೆ ಸಿಗಬೇಕಷ್ಟೆ.